ಮೂರನೇ ಅಕೌಂಟಿಂಗ್ ಕ್ಲಾಸು ಮತ್ತು ಅಮ್ಮನ ಸಾರಿನ ಪುಡಿ

ಹಾಸನದಲ್ಲಿ ಪಿಯುಸಿ ಮುಗಿಸಿ, ಗ್ರೀನ್ ಕಾರ್ಡ್ ಬಂದಿದ್ದರಿಂದ ಅಪ್ಪ ಅಮ್ಮನ ಜೊತೆ ಕ್ಯಾಲಿಫೋರ್ನಿಯಾಗೆ ಬಂದೆ. ಸ್ಯಾನ್ ಹೊಸೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರುತ್ತೇನೆ ಅಂದಾಗ ಅಮ್ಮ ಮುಖ ಸಿಂಡರಿಸಿದಳು. "ಎಂಟ್ರೆನ್ಸೂ ಇಲ್ಲ, ಕಟ್‌ಆಫೂ ಇಲ್ಲ, ಅದೆಂಥ ಕಾಲೇಜೇ?" ನಮ್ಮಲ್ಲಿ ಡಿಪ್ಲೊಮಾ ಮಾಡಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಹೋಗುತ್ತಾರಲ್ಲ, ಹಾಗೇ ಇಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಹೋಗಬಹುದು ಅಂತ ಬಿಡಿಸಿ ಹೇಳಿದ ಮೇಲೆ ಸುಮ್ಮನಾದಳು. ಅಪ್ಪನಿಗೆ ಫೀಸೇ ಸಾಕಾಯಿತು: ಒಂದು ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್ (ಕ್ವಾರ್ಟರ್ ಅಂದರೆ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿ, ಯೂನಿಟ್ ಅಂದರೆ ಕ್ರೆಡಿಟ್). ಯುಸಿ ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ವರ್ಷಕ್ಕೆ 14,000 ಡಾಲರ್ ದಾಟುತ್ತದೆ. ಆದರೆ ಈ ಅಗ್ಗದ ಫೀಸು ರಾಜ್ಯದ ನಿವಾಸಿಗಳಿಗೆ ಮಾತ್ರ. ಅದಕ್ಕೇ ಒಂದು ವರ್ಷ ದಿನಸಿ ಅಂಗಡಿಯಲ್ಲಿ ದುಡಿದು ಆಮೇಲೆ ಸೇರಿದೆ.

ನನಗೆ ಬೇಕಿದ್ದದ್ದು ಬಿಸಿನೆಸ್. ಅಮ್ಮನ ಸಾರಿನ ಪುಡಿ ಮಾರುತ್ತಿದ್ದೆ. ಇಲ್ಲಿ ಕಾಟೇಜ್ ಫುಡ್ ಅಂತ ಒಂದು ಕಾನೂನಿದೆ, 2013ರಿಂದ ಜಾರಿಯಲ್ಲಿದೆ. ಕ್ಲಾಸ್ ಎ ನೋಂದಣಿ ಮಾಡಿಸಿದರೆ ಮನೆಯಲ್ಲೇ ಮಾಡಿ ನೇರವಾಗಿ ಗಿರಾಕಿಗಳಿಗೆ ಮಾರಬಹುದು. ಮನೆಯ ಅಡುಗೆಮನೆಯಲ್ಲಿ ತಯಾರಿಸಿದ್ದು ಅಂತ ಲೇಬಲ್ ಮೇಲೆ ಹಾಕಬೇಕು, ಅಷ್ಟೇ ಅಲ್ಲ, ಇನ್ನೂ ನಾಲ್ಕಾರು ನಿಯಮ ಇವೆ, ಅದು ಬೇರೆ ಕತೆ.

ಹಾಗಾಗಿ ಮೊದಲ ಕ್ವಾರ್ಟರ್‌ನಲ್ಲೇ ಹೆಸರಿನಲ್ಲಿ ಎಂಟ್ರಪ್ರೆನರ್‌ಶಿಪ್ ಇದ್ದ ಎರಡು ಕ್ಲಾಸು ಹಿಡಿದೆ. ಮಜವಾಗಿದ್ದವು. ಆಮೇಲೆ ಗೊತ್ತಾಯಿತು, ಯುಸಿಗಿಂತ ಬೇರೆಯಾದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಅವು ಬರೀ ಎಲೆಕ್ಟಿವ್, ಯುಸಿಯವರಿಗೆ ಲೆಕ್ಕಕ್ಕೇ ಇಲ್ಲ. ಬಿಸಿನೆಸ್ ಮೇಜರ್‌ಗೆ, ಅಂದರೆ ಅದನ್ನೇ ಮುಖ್ಯ ವಿಷಯವಾಗಿ ಓದುವುದಕ್ಕೆ, ಅವರು ನೋಡುವುದು ಅಕೌಂಟಿಂಗ್, ಎಕನಾಮಿಕ್ಸ್, ಗಣಿತ, ಸ್ಟ್ಯಾಟಿಸ್ಟಿಕ್ಸ್.

ಅಕೌಂಟಿಂಗ್‌ನಲ್ಲಿ ಚೆನ್ನಾಗಿ ಎಡವಿದೆ. ನಮ್ಮ ಕಾಲೇಜಿನಲ್ಲಿ ಅದು ಮೂರು ಭಾಗ. ಎರಡು ಮುಗಿಸಿ, ಬೇಜಾರಾಗಿ, ಇಷ್ಟು ಸಾಕಲ್ವಾ ಅಂತ ಬಿಟ್ಟೆ. ಕೌನ್ಸೆಲರ್ ಕೂಡ ಹೂಂ ಅಂದಿದ್ದರು. ಒಂದು ರಾತ್ರಿ ಅಸಿಸ್ಟ್ ತೆರೆದು ಕೂತೆ. ಇದು ಸರ್ಕಾರಿ ಕಾಲೇಜುಗಳಿಗೆಲ್ಲ ಸೇರಿ ಇರುವ ತಾಣ, ನಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್ ಮೂರನ್ನೂ ಆರಿಸಿದರೆ ಯಾವ ಕ್ಲಾಸು ಅಲ್ಲಿನ ಯಾವುದಕ್ಕೆ ಸಮ ಅಂತ ಎದುರುಬದುರು ತೋರಿಸುತ್ತದೆ. ನಮ್ಮ ಮೂರು ಕ್ವಾರ್ಟರ್ ಸೇರಿ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಯ ಎರಡು ಸೆಮಿಸ್ಟರ್ ಪೇಪರ್‌ಗೆ ಸಮ. ಮೂರನೆಯದು ಇಲ್ಲದೆ ಆಗುವುದಿಲ್ಲ! ಕೊನೆಯ ಸ್ಪ್ರಿಂಗ್ ಕ್ವಾರ್ಟರ್‌ನಲ್ಲಿ ಅದನ್ನು ತುರುಕಿಕೊಂಡೆ. ಬೆಳಿಗ್ಗೆ ಕ್ಲಾಸು, ಸಂಜೆ ಕೊತ್ತಂಬರಿ ಹುರಿಯುವುದು. ಸೇರಿದ ಮೊದಲ ವಾರವೇ ಆ ಪುಟ ತೆರೆಯಬೇಕಿತ್ತು.

ಯುಸಿ ಅರ್ಜಿಗೆ 350 ಪದ ಮೀರದ ನಾಲ್ಕು ಉತ್ತರ ಬರೆಯಬೇಕು. ಅದರಲ್ಲಿ ಒಂದು ನನ್ನ ಹಾಗೆ ಬೇರೆ ಕಾಲೇಜಿನಿಂದ ವರ್ಗವಾಗಿ ಬರುವವರಿಗೆಲ್ಲ ಕಡ್ಡಾಯ: ಮೇಜರ್‌ಗೆ ಹೇಗೆ ತಯಾರಾಗಿದ್ದೀರಿ ಅಂತ. ಮೊದಲ ಸಲ ಬೆಲೆ ಕಟ್ಟುವಾಗ ಡಬ್ಬಿಯ ಖರ್ಚನ್ನೇ ಮರೆತು ನಷ್ಟ ಮಾಡಿಕೊಂಡದ್ದನ್ನು ಬರೆದೆ, ಗೆದ್ದದ್ದನ್ನಲ್ಲ. ಯುಸಿಯ ಸ್ಯಾಂಟಾ ಕ್ರೂಜ್ ಕ್ಯಾಂಪಸ್‌ನಲ್ಲಿ ಸೀಟು ಸಿಕ್ಕಿತು. ಸ್ಯಾನ್ ಹೊಸೆ ಸ್ಟೇಟ್‌ನ ಅರ್ಜಿಯಲ್ಲಿ ಪ್ರಬಂಧವೇ ಇಲ್ಲ, ನನ್ನ ವ್ಯಾಪಾರದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಸೇರಿದ್ದು ಮಾತ್ರ ಅಲ್ಲಿಗೇ!

ಕಾರಣ ಅಡುಗೆಮನೆ. ನೋಂದಣಿ ಇರುವುದು ನಾನು ವಾಸವಿರುವ ಮನೆಗೆ, ಹಾಸ್ಟೆಲ್ ರೂಮಿನಲ್ಲಿ ಮೆಣಸಿನಕಾಯಿ ಹುರಿದರೆ ಮೊದಲು ಬರುವುದು ಫೈರ್ ಅಲಾರಂ. ಸ್ಯಾನ್ ಹೊಸೆ ಸ್ಟೇಟ್‌ನಲ್ಲಿ ಬಿಸಿನೆಸ್ ಡಿಗ್ರಿಯೊಳಗೇ ಎಂಟ್ರಪ್ರೆನರ್‌ಶಿಪ್ ವಿಭಾಗ ಇದೆ, ಮನೆಯಿಂದ ಬಸ್ಸಿದೆ. ನನ್ನ 90 ಕ್ವಾರ್ಟರ್ ಯೂನಿಟ್ ಅಲ್ಲಿ 60 ಆಯಿತು. ಅಷ್ಟೆಲ್ಲ ಓದಿದ್ದು ಎಲ್ಲಿ ಹೋಯಿತು ಅಂತ ಗಾಬರಿಯಾಗಬೇಡಿ, ಅದು ಸುಮ್ನೆ ಲೆಕ್ಕದ ಬದಲಾವಣೆ: ಮೂರು ಕ್ವಾರ್ಟರ್ ಯೂನಿಟ್ ಅಂದರೆ ಎರಡು ಸೆಮಿಸ್ಟರ್ ಯೂನಿಟ್.

ಈಗ ಕ್ಲಾಸ್ ಬಿ ಪರವಾನಗಿಗೆ ಅರ್ಜಿ ಹಾಕಿದ್ದೇನೆ, ಅಂಗಡಿಗಳಿಗೂ ಕೊಡಬಹುದು ಅಂತ. ಅದಕ್ಕೆ ಕೌಂಟಿಯವರು, ಅಂದರೆ ನಮ್ಮ ಜಿಲ್ಲಾಡಳಿತದಂಥವರು, ಬಂದು ಅಡುಗೆಮನೆ ನೋಡುತ್ತಾರೆ. ಅಮ್ಮ ಈಗಿನಿಂದಲೇ ಸ್ಟೌವ್ ಉಜ್ಜುತ್ತಿದ್ದಾಳೆ.