ಸ್ಟ್ಯಾಟಿನ್ ಮಾತ್ರೆಯೂ ಸ್ನಾಯುನೋವೂ: ಗುರುತಿಸುವುದು ಹೇಗೆ?

ಕೊಡಗಿನಲ್ಲಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮೈಕೈ ನೋವು ಯಾರಿಗೂ ಹೊಸತಲ್ಲ. ಆದ್ದರಿಂದಲೇ ಕೊಲೆಸ್ಟ್ರಾಲ್ ಇಳಿಸಲು ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳಂಥ ಸ್ಟ್ಯಾಟಿನ್ ಮಾತ್ರೆ ಸೇವಿಸುವವರು ದುಡಿಮೆಯ ನೋವನ್ನೂ ಔಷಧದ ಅಡ್ಡಪರಿಣಾಮವನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ.

ಚೀಲ ಹೊತ್ತ ಹೆಗಲೊಂದೇ ನೋಯುತ್ತಿದ್ದು, ವಿಶ್ರಾಂತಿಯಿಂದ ತಗ್ಗಿದರೆ ಅದು ಬಹುಮಟ್ಟಿಗೆ ದುಡಿಮೆಯದೇ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಎರಡೂ ತೊಡೆ, ಸೊಂಟ, ಭುಜಗಳು ಒಂದೇ ಸಮನೆ ನೋಯತೊಡಗಿ, ತೋಟದ ಏರು ಹತ್ತುವುದಾಗಲಿ ನೆಲದಿಂದ ಕೈಯೂರದೆ ಏಳುವುದಾಗಲಿ ಕಷ್ಟವಾದರೆ ವೈದ್ಯರಿಗೆ ತಿಳಿಸಿ. ಬರಿಯ ನೋವಿಗೆ ಹೆದರಿ ಮಾತ್ರೆಯನ್ನು ತಾವಾಗಿಯೇ ಬಿಡಬಾರದು, ಒಮ್ಮೆ ಹೃದಯಾಘಾತವಾದವರಂತೂ ಬಿಡಲೇಬಾರದು.

ಸ್ನಾಯುಕೋಶಗಳಿಗೆ ಹಾನಿಯಾದಾಗ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವು ರಕ್ತಕ್ಕೆ ಸೋರುತ್ತದೆ. ಸಿಕೆ ಪರೀಕ್ಷೆ ಅಳೆಯುವುದು ಇದನ್ನೇ. ದಿನವಿಡೀ ಮೂಟೆ ಹೊತ್ತರೂ ಇದರ ಮಟ್ಟ ಏರುವುದರಿಂದ, ಲಕ್ಷಣಗಳು ಸೌಮ್ಯವಾಗಿದ್ದರೆ ಕೆಲವು ದಿನ ಭಾರದ ಕೆಲಸ ನಿಲ್ಲಿಸಿ ಪರೀಕ್ಷೆಗೆ ರಕ್ತ ಕೊಡುವುದು ಸೂಕ್ತ. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ, ಏಕೆಂದರೆ ಥೈರಾಯ್ಡ್ ಕೊರತೆಯಿದ್ದವರಲ್ಲಿ ಈ ತೊಂದರೆ ಹೆಚ್ಚು.

ಕ್ಲಾರಿಥ್ರೋಮೈಸಿನ್ ಆಂಟಿಬಯಾಟಿಕ್ ಮತ್ತು ಗ್ರೇಪ್‌ಫ್ರೂಟ್ ರಸ ಕೆಲವು ಸ್ಟ್ಯಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಅದೇ ಕುಲದ ಚಕ್ಕೋತವನ್ನೂ, ಹಿತ್ತಿಲಲ್ಲೇ ಬೆಳೆದದ್ದಾದರೂ, ಮಿತಿಯಲ್ಲಿಡುವುದು ಲೇಸು.

ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿ ನಿಶ್ಶಕ್ತಿ ಹೆಚ್ಚಿದರೆ ಮಾತ್ರ ಲೆಕ್ಕಾಚಾರ ಬೇಡ: ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ಅದು ಸ್ನಾಯುಕೋಶಗಳು ತೀವ್ರವಾಗಿ ಒಡೆಯುವ, ಅಪರೂಪದ ರಾಬ್ಡೋಮಯೋಲಿಸಿಸ್ ಆಗಿರಬಹುದು, ಮೂತ್ರಪಿಂಡಗಳು ವಿಫಲವಾಗುವ ಅಪಾಯವಿರುತ್ತದೆ.