ಒಂದೇ ಸಿನಿಮಾ ಹಾಡು ಆರು ಆಲ್ಬಮ್ ಆಗಿ ಕಾಣ್ತಿದ್ಯಾ?

ಹಾಸನದಿಂದ ಸಕಲೇಶಪುರಕ್ಕೆ ಹೊರಟಾಗಲೆಲ್ಲ ನಮ್ಮ ಕಾರಲ್ಲಿ ಇದೇ ಗೋಳು. ಪೆನ್‌ಡ್ರೈವ್ ಹಾಕಿದ್ರೆ ಒಂದೇ ಸಿನಿಮಾದ ಆರು ಹಾಡಿಗೆ ಆರು ಆಲ್ಬಮ್! ಪ್ರತಿ ಹಾಡಿಗೂ ಗಾಯಕರು ಬೇರೆ, ಹಾಡಿನ ಫೈಲಿನೊಳಗಿನ ವಿವರದಲ್ಲಿ (ಇದೇ ಟ್ಯಾಗ್) ಇಡೀ ಆಲ್ಬಮ್‌ಗೆ ಒಂದೇ ಹೆಸರು ಬರೆಯೋ ‘ಆಲ್ಬಮ್ ಆರ್ಟಿಸ್ಟ್’ ಜಾಗ ಮಾತ್ರ ಖಾಲಿ. ಅದೇ ಕಾರಣ.

ಈ ಟ್ಯಾಗ್ ತಿದ್ದೋಕೆ ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರ್ ಇದೆ, ವಿಂಡೋಸ್‌ನಲ್ಲಿ ಉಚಿತ. ಮೊದಲು ಫೋಲ್ಡರ್ ಕಾಪಿ ಮಾಡಿಟ್ಕೊಳ್ಳಿ. ಆ ಸಿನಿಮಾದ ಹಾಡುಗಳನ್ನಷ್ಟೇ ಸೆಲೆಕ್ಟ್ ಮಾಡಿ, ಎಡಗಡೆ ಆಲ್ಬಮ್ ಆರ್ಟಿಸ್ಟ್‌ನಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿ, ಕಂಟ್ರೋಲ್ ಎಸ್ ಒತ್ತಿ. ಆಲ್ಬಮ್ ಹೆಸರೂ ಅಕ್ಷರಕ್ಷರ ಒಂದೇ ಇರ್ಲಿ. ಬೇರೆ ಜಾಗಗಳಲ್ಲಿ ‘ಕೀಪ್’ ಅಂತ ತೋರಿಸುತ್ತೆ, ಅದನ್ನ ಮುಟ್ಟಬೇಡಿ. ನಾನು ಟೈಟಲ್‌ನಲ್ಲಿ ಟೈಪ್ ಮಾಡಿ, ಅಮ್ಮನ ನಲವತ್ತು ಭಾವಗೀತೆಗೂ ಒಂದೇ ಹೆಸರಿಟ್ಟುಬಿಟ್ಟೆ. ಬೈಗುಳ ಇನ್ನೂ ನಿಂತಿಲ್ಲ.

ಕನ್ನಡದಲ್ಲಿ ಹೆಸರು ಬರೆಯೋರು ಆಪ್ಷನ್ಸ್‌ನಲ್ಲಿ ಟ್ಯಾಗ್ಸ್, ಅದರಡಿ ಎಂಪೆಗ್‌ಗೆ ಹೋಗಿ ‘ಐಡಿ3ವಿ2.3 ಯುಟಿಎಫ್-16’ (ಕನ್ನಡ ಅಕ್ಷರವನ್ನೂ ಹಿಡಿಯೋ ಟ್ಯಾಗ್ ಮಾದರಿ) ಆಯ್ಕೆ ಆಗಿದೆಯಾ ನೋಡಿ. ಅದರ ಬದಲು ಇಂಗ್ಲಿಷ್‌ನಂಥ ಲಿಪಿಗಷ್ಟೇ ಆಗೋ ಐಎಸ್‌ಒ-8859-1 ಇದ್ರೆ ಕನ್ನಡ ಅಕ್ಷರ ಉಳಿಯಲ್ಲ. ಇಷ್ಟಾದ್ಮೇಲೂ ಕಾರಿನ ಪರದೆಯಲ್ಲಿ ಬರೀ ಚೌಕ ಬಂದ್ರೆ ಅದರಲ್ಲಿ ಕನ್ನಡ ಫಾಂಟ್ ಇಲ್ಲ ಅಂತ. ಪೆನ್‌ಡ್ರೈವ್‌ಗೆ ಇಂಗ್ಲಿಷ್ ಹೆಸರಿನ ಕಾಪಿ ಹಾಕ್ಕೊಳ್ಳಿ, ನಾನು ಹಾಗೇ ಮಾಡಿರೋದು.