23 ಕುಚ್ಚಿನ ಲೆಕ್ಕ: ಕ್ರೋಶಾ ತರಗತಿಗೆ ಹೊರಟವರಿಗೆ

ಆಷಾಢದಲ್ಲಿ ಮದುವೆಗಳಿಲ್ಲ. ಸೀರೆಗೆ ಕುಚ್ಚು ಕಟ್ಟಿಸಲು ಬರುವವರೂ ಕಡಿಮೆ. ಕುಚ್ಚು ಕಟ್ಟುವವರಿಗೆ ಇನ್ನೊಬ್ಬರಿಗೆ ಕಲಿಸುವಷ್ಟು ಪುರುಸೊತ್ತು ಸಿಗುವುದು ಆಗಲೇ. ಶಿರಸಿ, ಕುಮಟಾ, ಕಾರವಾರದ ಕಡೆ ಟೇಲರಿಂಗ್ ಅಂಗಡಿಯ ಗಾಜಿಗೆ ‘ಕ್ರೋಶಾ ಕುಚ್ಚು ಕಲಿಸಿಕೊಡಲಾಗುವುದು’ ಎಂಬ ಚೀಟಿ ಕಂಡರೆ ಮಳೆಗಾಲದಲ್ಲೇ ಸೇರಿಕೊಳ್ಳಿ. ತುಳಸಿ ಮದುವೆ ಮುಗಿದು ಊರಿನ ಮದುವೆಗಳು ಶುರುವಾಗುವ ಹೊತ್ತಿಗೆ ಕೈ ಕೂತಿರುತ್ತದೆ.

ಸೇರುವ ಮೊದಲು ‘ಎಷ್ಟು ಡಿಸೈನ್ ಕಲಿಸುತ್ತೀರಿ’ ಎಂದು ಕೇಳುವುದು ರೂಢಿ. ಅದು ಅಷ್ಟು ಉಪಯೋಗದ ಪ್ರಶ್ನೆಯಲ್ಲ. ಇಪ್ಪತ್ತು ಡಿಸೈನ್ ಇದ್ದರೂ ಒಳಗಿರುವುದು ಮೂರೇ ಕೆಲಸ: ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ), ಲಾಕ್, ಕಂಬ. ಲಾಕ್, ಕಂಬ ಹಾಕುವ ಬಗೆ ಮುಂದೆ ಬರುತ್ತದೆ. ಕೇಳಬೇಕಾದದ್ದು ಬೇರೆ. ತರಗತಿ ಮುಗಿಯುವುದರೊಳಗೆ ಒಂದು ಇಡೀ ಸೆರಗನ್ನು ನಮ್ಮ ಕೈಯಲ್ಲೇ ಮುಗಿಸಿಸುತ್ತೀರಾ? ಒಬ್ಬರ ಮುಂದೆ ಎಷ್ಟು ಜನ ಕೂರುತ್ತಾರೆ? ಐದಾರು ಜನರಿಗಿಂತ ಹೆಚ್ಚಾದರೆ ಕಲಿಸುವವರಿಗೆ ನಿಮ್ಮ ಬೆರಳು ನೋಡಲು ಆಗುವುದಿಲ್ಲ. ಡಿಸೈನು ಮೊಬೈಲಿನಲ್ಲೂ ಸಿಗುತ್ತದೆ. ದಾರ ಬಿಗಿಯಾಯಿತೋ ಸಡಿಲವಾಯಿತೋ ಎಂದು ಹೇಳಲು ಮಾತ್ರ ಪಕ್ಕದಲ್ಲಿ ಒಬ್ಬರು ಬೇಕು. ಎಡಗೈಯವರಾದರೆ ಪಕ್ಕ ಕೂರಬೇಡಿ, ಎದುರಿಗೆ ಕೂತು ಕನ್ನಡಿ ನೋಡಿದಂತೆ ಅನುಸರಿಸಿ.

ಕಸೂತಿ, ಹೊಲಿಗೆ ಎಲ್ಲ ಸೇರಿಸಿ ಕಲಿತು ಅದನ್ನೇ ಉದ್ಯೋಗ ಮಾಡಿಕೊಳ್ಳುವ ಮನಸ್ಸಿದ್ದರೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ) ವಿಚಾರಿಸಬಹುದು. ಆರ್‌ಸೆಟಿಗಳ ತರಬೇತಿ ಉಚಿತ, ಊಟ ವಸತಿಯೂ ಅಲ್ಲೇ.

ಚೀಲದಲ್ಲಿ ಏನಿರಬೇಕು

ಉಕ್ಕಿನ ಕ್ರೋಶಾ ಸೂಜಿ ಎರಡು: ಒಂದು 1 ಮಿ.ಮೀ. ಆಸುಪಾಸಿನದು, ಇನ್ನೊಂದು ಅದಕ್ಕಿಂತ ಸಣ್ಣದು. ಉಕ್ಕಿನ ಸೂಜಿಯಲ್ಲಿ ನಂಬರ್ ಏರಿದಷ್ಟೂ ಕೊಕ್ಕೆ ಸಣ್ಣದಾಗುತ್ತದೆ. ಕಂಪನಿಯಿಂದ ಕಂಪನಿಗೆ ನಂಬರ್ ಬದಲಾಗುವುದರಿಂದ ಮಿ.ಮೀ. ನೋಡಿ ಕೊಳ್ಳಿ. ಜೊತೆಗೆ ಟೇಪು, ಬಟ್ಟೆಗೆ ಗುರುತು ಹಾಕುವ ಚಾಕ್, ಚೂಪು ಕತ್ತರಿ, ಜರಿ ದಾರ, 4 ಮಿ.ಮೀ. ಮಣಿ, ಒಂದೇ ಬಣ್ಣದ ರೇಷ್ಮೆ ದಾರದ ಎಂಟು ಉರುಳೆ. ಹೆಸರಿಗೆ ರೇಷ್ಮೆ ದಾರ, ಅಂಗಡಿಯಲ್ಲಿ ಸಿಗುವುದು ಬಹುಪಾಲು ರೇಯಾನ್. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಮಳೆಯಲ್ಲಿ ನೆನೆದು ಬಂದ ಕೈಯಲ್ಲಿ ದಾರ ಎಳೆದರೆ ಒಂದೊಂದೇ ಎಳೆ ಕಿತ್ತುಬರುವುದು ಇದಕ್ಕೇ. ಎಂಟೂ ಉರುಳೆಯ ಎಳೆಗಳನ್ನು ಒಟ್ಟಿಗೆ ಹಿಡಿದು, ಹೊಸೆಯದೆ, ಒಂದು ರಟ್ಟಿಗೆ ಸುತ್ತಿಟ್ಟುಕೊಳ್ಳಿ.

ಕೆಂಪು, ಕುಂಕುಮ, ಕಡುನೀಲಿ ದಾರ ಬಣ್ಣ ಬಿಡಬಹುದು. ಒದ್ದೆ ಬಿಳಿ ಬಟ್ಟೆಯ ನಡುವೆ ಒಂದು ತುಂಡು ಇಟ್ಟು ಹತ್ತು ನಿಮಿಷ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ತಿಳಿ ಬಣ್ಣದ ಸೀರೆಗೆ ಆ ದಾರ ಬೇಡ.

ಘಟ್ಟದ ಮೇಲಿನವರಿಗೆ ಇನ್ನೊಂದು ತೊಡಕುಂಟು. ಅಡಿಕೆ ಸುಲಿದ ಕೈಬೆರಳು ಒರಟಾಗಿ ದಾರದ ಎಳೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಸವರಿ, ಬೆಳಿಗ್ಗೆ ಕಡಲೆಹಿಟ್ಟಿನಲ್ಲಿ ಕೈ ತೊಳೆದು ಹೋಗಿ. ಎಣ್ಣೆ ಕೈಯಲ್ಲೇ ಸೀರೆ ಮುಟ್ಟಬೇಡಿ.

ಸೂಜಿ ಚುಚ್ಚುವ ಮೊದಲು

ಮೊದಲು ಸೆರಗಿನ ಅಂಚು ಗಟ್ಟಿಯಾಗಬೇಕು. ನೇಯ್ಗೆಯ ಬಿಡಿ ಎಳೆಗಳನ್ನು ಸಮನಾಗಿ ಕತ್ತರಿಸಿ, ಕಾಲು ಇಂಚಿನಂತೆ ಎರಡು ಸಲ ಮಡಚಿ ಹೊಲಿಸಿ. ಮಡಿಕೆ ಇಲ್ಲದ ಒಂಟಿ ಬಟ್ಟೆಗೆ ಚುಚ್ಚಿದರೆ ಕುಚ್ಚಿನ ಭಾರಕ್ಕೆ ತೂತು ಅಗಲವಾಗುತ್ತಾ ಹೋಗಿ ಕೊನೆಗೆ ಅಂಚೇ ಹರಿಯುತ್ತದೆ.

ಈಗ ಲೆಕ್ಕ. ಸೆರಗಿನ ಅಗಲ 46 ಇಂಚು ಎಂದುಕೊಳ್ಳಿ. ಅರ್ಧ ಇಂಚಿಗೊಂದು ಚುಕ್ಕೆ ಇಟ್ಟರೆ 92 ಖಾನೆ (ಎರಡು ಚುಕ್ಕೆಗಳ ನಡುವಿನ ಜಾಗ), 93 ಚುಕ್ಕೆ. ಇಲ್ಲಿ ಹೇಳುವ ಡಿಸೈನಿನಲ್ಲಿ ಒಂದು ಹೂವಿಗೆ ನಾಲ್ಕು ಖಾನೆ ಬೇಕು. 92ನ್ನು ನಾಲ್ಕರಿಂದ ಭಾಗಿಸಿದರೆ 23 ಹೂವು, 23 ಕುಚ್ಚು, ಶೇಷವಿಲ್ಲ. ಸೀರೆ 45 ಇಂಚಿದ್ದರೆ 90 ಖಾನೆ, ಎರಡು ಉಳಿಯುತ್ತದೆ. ಹೊಸಬರು ಎಡವುವುದು ಇಲ್ಲೇ. ಕೊನೆಯವರೆಗೂ ಹೆಣೆದುಕೊಂಡು ಹೋಗಿ, ತುದಿಯಲ್ಲಿ ಅರ್ಧ ಹೂವು ಉಳಿದಾಗ ಕೈಕೈ ಹಿಸುಕಿಕೊಳ್ಳುತ್ತಾರೆ. ಮೊದಲೇ 88 ಖಾನೆ ಮಾಡಿಕೊಂಡು ಚುಕ್ಕೆಗಳ ಅಂತರವನ್ನು 13 ಮಿ.ಮೀ.ಗೆ ಹಿಗ್ಗಿಸಿದರೆ 22 ಹೂವು ಸರಿಯಾಗಿ ಕೂರುತ್ತದೆ. ಅರ್ಧ ಇಂಚಿಗೂ ಇದಕ್ಕೂ ಇರುವ ಕೂದಲೆಳೆಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು.

ಆಮೇಲೆ ನಿಮ್ಮ ಕೈಯನ್ನೂ ಅಳೆಯಿರಿ. ಎಂಟೆಳೆ ದಾರದಲ್ಲಿ 20 ಚೈನ್ ಹಾಕಿ, ಎಳೆಯದೆ ಮೇಜಿನ ಮೇಲೆ ಮಲಗಿಸಿ. ಎರಡೂವರೆ ಇಂಚು ಬಂದರೆ ಅರ್ಧ ಇಂಚಿಗೆ ನಾಲ್ಕು ಚೈನ್. ಎರಡೇ ಇಂಚು ಬಂದರೆ ನಿಮ್ಮ ಕೈ ಬಿಗಿ, ಐದು ಚೈನ್ ಹಾಕಿ. ಮೂರು ಇಂಚು ದಾಟಿದರೆ ಮೂರು ಸಾಕು.

ಹೆಣೆಯುವ ಕ್ರಮ

ಮೊದಲ ಸಾಲು ತಳಪಾಯ. ಸೆರಗಿನ ಒಳ್ಳೆಯ ಮಗ್ಗುಲು ನಿಮ್ಮ ಕಡೆಗಿರಲಿ, ಬಲತುದಿಯಿಂದ ಶುರು ಮಾಡಿ. ಚುಕ್ಕೆಯಲ್ಲಿ, ಅಂಚಿನಿಂದ ಸುಮಾರು 4 ಮಿ.ಮೀ. ಒಳಗೆ, ಮಡಿಕೆಯ ಮೂಲಕ ಸೂಜಿ ಚುಚ್ಚಿ ಹಿಂದಿನಿಂದ ದಾರ ಎಳೆದುಕೊಳ್ಳಿ. ಮತ್ತೆ ದಾರ ಸುತ್ತಿ, ಸೂಜಿಯ ಮೇಲಿರುವ ಕುಣಿಕೆಗಳೊಳಗಿಂದ ತೆಗೆದರೆ ಲಾಕ್. ನಾಲ್ಕು ಚೈನ್ ಹಾಕಿ ಮುಂದಿನ ಚುಕ್ಕೆಯಲ್ಲಿ ಮತ್ತೆ ಲಾಕ್. ಹೀಗೆ 93ನೇ ಚುಕ್ಕೆಯವರೆಗೆ.

ಪ್ರತಿ ಹತ್ತು ಖಾನೆಗೊಮ್ಮೆ ನಿಲ್ಲಿಸಿ ಸೆರಗನ್ನು ಹಾಸಿ ನೋಡಿ. ಬಟ್ಟೆ ಸುಕ್ಕುಗಟ್ಟಿದ್ದರೆ ಚೈನ್ ಕಡಿಮೆಯಾಗಿದೆ ಅಥವಾ ಬಿಗಿಯಾಗಿದೆ. ಚೈನೇ ಜೋತುಬಿದ್ದಿದ್ದರೆ ಹೆಚ್ಚಾಗಿದೆ. ಹತ್ತು ಖಾನೆ ಬಿಚ್ಚಲು ಎರಡು ನಿಮಿಷ ಸಾಕು. ಇಸ್ತ್ರಿ ಹಾಕಿದರೆ ಸರಿಹೋಗುತ್ತದೆ ಎಂಬುದು ಬರೀ ಸಮಾಧಾನದ ಮಾತು, ಸರಿಹೋಗುವುದಿಲ್ಲ.

ಸಾಲು ಮುಗಿದಾಗ ಸೀರೆ ತಿರುಗಿಸಿ ಹಿಂದಕ್ಕೆ ಬರಬೇಡಿ. ಹಾಗೆ ಬಂದರೆ ಎರಡನೇ ಸಾಲಿನ ಬೆನ್ನು ನೋಡುವವರಿಗೆ ಕಾಣುತ್ತದೆ. ದಾರ ಕತ್ತರಿಸಿ ಮತ್ತೆ ಬಲತುದಿಯಿಂದಲೇ ಹೊರಡಿ.

ಎರಡನೇ ಸಾಲಿನಲ್ಲಿ ಹೂವು. ಮೊದಲ ಚುಕ್ಕೆಯ ಮೇಲೆ ಲಾಕ್, ನಂತರ ಐದು ಚೈನ್. ಒಂದು ಖಾನೆ ದಾಟಲು ನಾಲ್ಕೇ ಸಾಕಲ್ಲ ಎನಿಸಬಹುದು. ಆದರೆ ಇಲ್ಲಿ ಚೈನ್ ಓರೆಯಾಗಿ ಕಂಬದ ಎತ್ತರಕ್ಕೆ ಹತ್ತಬೇಕು, ಅದಕ್ಕೆ ಒಂದು ಹೆಚ್ಚು. ಎರಡನೇ ಖಾನೆಯಲ್ಲಿ ನಾಲ್ಕು ಕಂಬ: ಸೂಜಿಗೆ ಒಂದು ಸುತ್ತು ದಾರ, ಖಾನೆಯೊಳಗಿಂದ ಎಳೆದಾಗ ಸೂಜಿಯ ಮೇಲೆ ಮೂರು ಕುಣಿಕೆ, ಎರಡೆರಡಾಗಿ ಬಿಡಿಸಿದರೆ ಒಂದು ಕಂಬ. ನಡುವೆ ಒಂದು ಮಣಿ, ಅದರ ಬೆನ್ನಿಗೇ ಕುಚ್ಚು ನೇತುಹಾಕಲು ಮೂರು ಚೈನಿನ ಕೊಂಡಿ. ಮೂರನೇ ಖಾನೆಯಲ್ಲಿ ಮತ್ತೆ ನಾಲ್ಕು ಕಂಬ, ಐದು ಚೈನ್, ಐದನೇ ಚುಕ್ಕೆಯ ಮೇಲೆ ಲಾಕ್. ಒಂದು ಹೂವಾಯಿತು.

ಮಣಿಯ ತೂತಿನಲ್ಲಿ ಎಂಟೆಳೆ ದಾರ ಜೋಡಿಯಾಗಿ ತೂರಬೇಕು. ಕ್ರೋಶಾ ಸೂಜಿಯನ್ನೇ ಒತ್ತಿ ತೂರಿಸಿದರೆ ಒಂದೋ ಮಣಿ ಬಿರಿಯುತ್ತದೆ, ಇಲ್ಲವೇ ಕೊಕ್ಕೆಗೆ ನಾಲ್ಕೇ ಎಳೆ ಸಿಕ್ಕಿ ಉಳಿದವು ಹಿಂದೆ ಪುಗ್ಗೆಯಂತೆ ಉಬ್ಬುತ್ತವೆ. ಅದಕ್ಕಿಂತ ಸುಲಭ ಉಪಾಯವಿದೆ. ಹೊಲಿಗೆ ಸೂಜಿಗೆ ದಾರ ಪೋಣಿಸಿ ಎರಡೂ ತುದಿ ಸೇರಿಸಿ ಗಂಟು ಹಾಕಿ. ಆ ಸೂಜಿಯನ್ನು ಮಣಿಯಲ್ಲಿ ತೂರಿಸಿ. ಕ್ರೋಶಾ ಸೂಜಿಯಿಂದ ಕುಣಿಕೆ ಇಳಿಸಿ, ಅದರೊಳಗೆ ಹೊಲಿಗೆ ಸೂಜಿ ದಾಟಿಸಿ, ಮತ್ತೆ ಅದೇ ಮಣಿಯಲ್ಲಿ ವಾಪಸು ತಂದು ಎಳೆಯಿರಿ. ಕುಣಿಕೆ ಇಡಿಯಾಗಿ ಮಣಿಯಾಚೆ ಬರುತ್ತದೆ. ಅದನ್ನು ಕ್ರೋಶಾ ಸೂಜಿಗೆ ಏರಿಸಿ ಒಂದು ಚೈನ್ ಹಾಕಿ ಭದ್ರ ಮಾಡಿ.

ದಾರ ಸಾಕಾಗುತ್ತದೋ ಇಲ್ಲವೋ ಎಂಬ ಅನುಮಾನಕ್ಕೂ ದಾರಿಯುಂಟು. ಮೊದಲ ಹೂವು ಹೆಣೆದು, ಬಿಚ್ಚಿ, ದಾರ ಅಳೆದು 23ರಿಂದ ಗುಣಿಸಿ, ಹತ್ತರಲ್ಲೊಂದು ಪಾಲು ಸೇರಿಸಿ. ಕುಚ್ಚಿನ ಲೆಕ್ಕ ಪ್ರತ್ಯೇಕ. ಎರಡೂವರೆ ಇಂಚು ಅಗಲದ ರಟ್ಟಿಗೆ 12 ಸುತ್ತು ಸುತ್ತಿದರೆ ಒಂದು ಕುಚ್ಚಿಗೆ ಐದು ಅಡಿ. 23 ಕುಚ್ಚಿಗೆ ಒಂದೊಂದು ಉರುಳೆಯಿಂದಲೂ ಸುಮಾರು 35 ಮೀಟರ್ ಹೋಗುತ್ತದೆ.

ಸುತ್ತಿದ ದಾರದ ಮೇಲ್ತುದಿಯಲ್ಲಿ ಒಂದು ದಾರ ತೂರಿಸಿ, ಅದನ್ನು ಮೂರು ಚೈನಿನ ಕೊಂಡಿಗೆ ಎರಡು ಗಂಟು ಹಾಕಿ ಕಟ್ಟಿ. ಕೆಳತುದಿ ಕತ್ತರಿಸಿ. ಗಂಟಿನ ಬಾಲಗಳನ್ನು ಕುಚ್ಚಿನೊಳಗೇ ಬಿಟ್ಟು, ಮೇಲಿನಿಂದ ಒಂದು ಸೆಂ.ಮೀ. ಕೆಳಗೆ ಜರಿಯಿಂದ ಎಂಟು ಸುತ್ತು ಕುತ್ತಿಗೆ ಬಿಗಿಯಿರಿ. ಜರಿಯ ತುದಿಯನ್ನೂ ಸೂಜಿಯಲ್ಲಿ ಒಳಕ್ಕೆ ಎಳೆದುಬಿಡಿ. ಗಮ್ ಹಚ್ಚಿ ಮುಗಿಸುವವರಿದ್ದಾರೆ. ಆದರೆ ಗಮ್ ಹರಡಿದರೆ ಸೆರಗಿಗೆ ಕಲೆ, ಒಣಗಿದರೆ ಕುಚ್ಚು ಕಡ್ಡಿ. ಹೆಣಿಗೆಯ ದಾರದ ಬಾಲಗಳನ್ನು ಐದಾರು ಕಂಬಗಳ ಬೆನ್ನಿನಲ್ಲಿ ಹಾಯಿಸಿ ಕತ್ತರಿಸಿದರೆ ಗಮ್ ಬೇಕಾಗುವುದೇ ಇಲ್ಲ.

ರಟ್ಟಿನಿಂದ ತೆಗೆದ ದಾರ ಸೊಟ್ಟಗಿರುತ್ತದೆ. ಕುದಿಯುವ ಪಾತ್ರೆಯ ಆವಿಗೆ ಒಂದು ಅಡಿ ದೂರದಿಂದ ಐದಾರು ಸೆಕೆಂಡ್ ಹಿಡಿದು, ಸಣ್ಣ ಬಾಚಣಿಗೆಯಲ್ಲಿ ಬಾಚಿ, ಪೂರ್ತಿ ಆರಲು ಬಿಡಿ. ನಂತರ ಕುಚ್ಚಿಗೆ ಕಾಗದದ ಪಟ್ಟಿ ಬಿಗಿಯಾಗಿ ಸುತ್ತಿ, ಕೆಳಗೆ ಇಣುಕಿದ್ದನ್ನೆಲ್ಲ ಕತ್ತರಿಸಿ. ಎಲ್ಲ 23ಕ್ಕೂ ಒಂದೇ ಅಗಲದ ಪಟ್ಟಿ ಬಳಸಿ.

ತರಗತಿಯಿಂದ ಬಂದ ಮೇಲೆ ಸೂಜಿಯನ್ನು ಸೀರೆಗೇ ಸಿಕ್ಕಿಸಿ ಇಡಬೇಡಿ. ಕಾರವಾರದ ಉಪ್ಪುಗಾಳಿಗೂ ಶಿರಸಿಯ ಮಳೆಗೂ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ರೇಷ್ಮೆಯಿಂದ ಸುಲಭಕ್ಕೆ ಹೋಗದು. ಒಣಬಟ್ಟೆಯಲ್ಲಿ ಒರೆಸಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಚೀಟಿಯೊಂದಿಗೆ ಮುಚ್ಚಳದ ಡಬ್ಬಿಗೆ ಹಾಕಿ.